ಕಾಚು ದೊರೆ

ನಮ್ಮ ಮನೆಯಲ್ಲಿ ಒಂದು ಮಾತನ್ನು ಆಡುವಂತಿರಲಿಲ್ಲ. ಅದು ಬೈಗುಳವಲ್ಲ, ಅಪಶಕುನದ ಮಾತೂ ಅಲ್ಲ. ‘ಇಂಗ್ಲಿಷ್ ದೊರೆ’ ಎನ್ನಬಾರದು, ಅಷ್ಟೆ. ಅಪ್ಪ ಸಿದ್ದಾಪುರಕ್ಕೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ದಿನವೂ ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ದೊರೆ ಹೇಳಿದ ಕಾಗದಗಳನ್ನು ದುಂಡಗಿನ ಇಂಗ್ಲಿಷಿನಲ್ಲಿ ಬರೆದುಕೊಡುವುದು ಅವರ ಕೆಲಸ. ನಾವು ಉಣ್ಣುತ್ತಿದ್ದದ್ದೇ ಇಂಗ್ಲಿಷಿನ ಅನ್ನ. ಆದರೂ ಆ ಮಾತು ಬಾಯಿಗೆ ಬರಕೂಡದು, ಏಕೆಂದರೆ ನಮ್ಮ ದೊರೆ ಇಂಗ್ಲೆಂಡಿನವರಲ್ಲ, ಸ್ಕಾಟ್ಲೆಂಡಿನವರು. ಅವೆರಡೂ ಒಂದಕ್ಕೊಂದು ಅಂಟಿಕೊಂಡ ದೇಶಗಳೆಂದೂ, ಹಿಂದೆ ಬಹಳ ಕಾಲ ಹೊಡೆದಾಡಿಕೊಂಡಿದ್ದುವೆಂದೂ, ಈಗ ಒಂದೇ ರಾಜ್ಯವಾಗಿದ್ದರೂ ಹಳೆಯದನ್ನು ಯಾರೂ ಮರೆತಿಲ್ಲವೆಂದೂ ಅಪ್ಪ ಹೇಳಿಕೊಟ್ಟಿದ್ದರು. ಇಂಗ್ಲಿಷ್ ಮಾತಾಡುವವರೆಲ್ಲ ಇಂಗ್ಲಿಷಿನವರಲ್ಲವೇ ಎಂದು ನಾನು ಕೇಳಿದ್ದೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ.

“ನಾವು ಕೊಡಗಲ್ಲಿ ಇದೀವಿ. ಹಾಗಂತ ನಮ್ಮನ್ನ ಯಾರಾದ್ರೂ ಕೊಡವರು ಅಂತಾರಾ?” ಎಂದರು ಅಪ್ಪ. “ಭಾಷೆಗೆ ಇಂಗ್ಲಿಷ್ ಅನ್ನು, ಪರವಾಗಿಲ್ಲ. ಮನುಷ್ಯನಿಗೆ ಅನ್ಬೇಡ.”

ಈ ಹೆದರಿಕೆಗೆ ಕಾರಣ ಅಪ್ಪನಿಗಿಂತ ಮೊದಲು ಇದ್ದ ರೈಟರ್. ಅವರನ್ನು ನಾನು ನೋಡಿದವಳಲ್ಲ. ದೊರೆ ತಮ್ಮ ತಾಯಿಗೆ ಬರೆದ ಕಾಗದದ ಲಕೋಟೆಯ ಮೇಲೆ ವಿಳಾಸ ಬರೆಯುವಾಗ ಆತ ಕೊನೆಯ ಸಾಲಿನಲ್ಲಿ ‘ಇಂಗ್ಲೆಂಡ್’ ಎಂದು ಬರೆದುಬಿಟ್ಟರಂತೆ. ಆ ವಾರವೇ ಕೆಲಸ ಹೋಯಿತಂತೆ. ಈ ‘ಅಂತೆ’ಗಳನ್ನು ಅಪ್ಪ ಬಂಗಲೆಯ ಬಟ್ಲರ್ ಚಾತುವಿನ ಬಾಯಿಂದ ಕೇಳಿದ್ದರು, ಚಾತು ಯಾರಿಂದ ಕೇಳಿದ್ದನೋ. ನಿಜವೋ ಸುಳ್ಳೋ ಎಂದು ವಿಚಾರಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟು: ಆ ರೈಟರ್ ಹೊಡೆದಿದ್ದ ಮೊಳೆಗೇ ಈಗ ನಮ್ಮ ದೇವರ ಪಟ ತೂಗುತ್ತಿತ್ತು. ಅಡುಗೆಮನೆಯ ಬಾಗಿಲ ಹಿಂದೆ ಅವರ ಹೆಂಡತಿ ಮಗುವನ್ನು ನಿಲ್ಲಿಸಿ ಎತ್ತರ ಗುರುತು ಮಾಡಿದ್ದ ಇದ್ದಲಿನ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಗೆರೆಗಳು ಮೂರು. ನಾಲ್ಕನೆಯದನ್ನು ಎಳೆಯುವುದಕ್ಕೆ ಆ ವಾರ ಅವರಿಗೆ ಬಿಡುವು ಸಿಗಲಿಲ್ಲವೆಂದು ನಾನು ಅಂದುಕೊಳ್ಳುತ್ತಿದ್ದೆ, ಮತ್ತು ಅವ್ವ ನನ್ನ ಎತ್ತರವನ್ನು ಅಲ್ಲಿ ಗುರುತು ಮಾಡಲು ಬಂದರೆ ಓಡಿಹೋಗುತ್ತಿದ್ದೆ.

ಆ ಮನೆ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಮರದ ಕಟಕಟೆಯ ಜಗಲಿ. ಬಂಗಲೆ ಎದುರಿನ ದಿಣ್ಣೆಯ ಮೇಲಿತ್ತು; ಅಲ್ಲಿನ ವರಾಂಡದಲ್ಲಿ ಕೂತವರಿಗೆ ನಮ್ಮ ಜಗಲಿ ಪೂರ್ತಿ ಕಾಣುತ್ತಿತ್ತು. ಹಾಗಾಗಿ ಅವ್ವ ಬಟ್ಟೆ ಒಣಹಾಕುತ್ತಿದ್ದದ್ದು ಹಿತ್ತಲಲ್ಲಿ, ಬಿಸಿಲು ಕಡಿಮೆ ಬಿದ್ದರೂ. ಅಜ್ಜಿ, ಅಂದರೆ ಅಪ್ಪನ ತಾಯಿ, ಎಲೆ ಅಡಿಕೆ ಉಗುಳುವುದಕ್ಕೂ ಹಿತ್ತಲಿಗೇ ಹೋಗಬೇಕಾಗಿತ್ತು. ಬಂಗಲೆಯ ಕಡೆ ಮುಖ ಮಾಡಿ ಜೋರಾಗಿ ನಗುವುದಕ್ಕೂ ನಾನು ಹಿಂದೆಮುಂದೆ ನೋಡುತ್ತಿದ್ದೆ. ಕೆಲಸ ಹೋದರೆ ನಾವು ಹೋಗಬೇಕಾದದ್ದು ಕುಶಾಲನಗರದ ಹತ್ತಿರ, ಹಾಸನದ ಕಡೆಯಿಂದ ಬಂದು ಹೊಲ ಮಾಡಿಕೊಂಡಿದ್ದ ದೊಡ್ಡಪ್ಪನ ಮನೆಗೆ. ದೊಡ್ಡಮ್ಮನ ಜೊತೆ ಜಗಳವಾಡಿ, ಇನ್ನು ನಿನ್ನ ಹೊಸಿಲು ತುಳಿಯುವುದಿಲ್ಲ ಎಂದು ಹೇಳಿಯೇ ಅಜ್ಜಿ ನಮ್ಮಲ್ಲಿಗೆ ಬಂದಿದ್ದಳು. ನಮಗೆ ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ.

ಮನೆಯೊಳಗೂ ಎರಡು ದೇಶಗಳಿದ್ದುವು. ಅಜ್ಜಿ ಹಾಸನದವಳು. ಅವ್ವ ಸೋಮವಾರಪೇಟೆಯ ಕಡೆ ಹುಟ್ಟಿ ಬೆಳೆದವಳು. ಇಬ್ಬರ ಮಾತಿನಲ್ಲೂ ಹೊರಗಿನವರಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಜಗಳಕ್ಕೆ ಅದೇ ಸಾಕಾಗಿತ್ತು. ಅಜ್ಜಿಗೆ ಹೊತ್ತಿಗೊಂದು ಮುದ್ದೆ ಬೇಕು; ಅವ್ವನದು ಅಕ್ಕಿ ರೊಟ್ಟಿ, ಕಡಂಬಿಟ್ಟು. ಒಂದೇ ಒಲೆಯ ಮೇಲೆ ಎರಡೂ ಬೇಯುವಾಗ ಮಾತು ಶುರುವಾಗುತ್ತಿತ್ತು.

“ಅಕ್ಕಿ ತಿಂದ್ ಬೆಳೆದ ಮೈ ಕಣವ್ವ ಅದು. ಒಂದ್ ಗಾಳಿ ಬೀಸಿದ್ರೆ ಒರಗೋಯ್ತದೆ. ಕೊಡಗಿನೋರೇ ಅಂಗೆ, ಮೈಗೆ ನೀರು ಜಾಸ್ತಿ.”

“ಮುದ್ದೆ ತಿನ್ನೋರ ಮಾತೂ ಮುದ್ದೆ ತರಾನೇ ಅತ್ತೆಮ್ಮ. ಅಗಿಯಂಗಿಲ್ಲ, ಹಂಗೇ ನುಂಗ್ಕಬೇಕು.”

ಅಪ್ಪ ಎರಡನ್ನೂ ಒಂದೊಂದು ತುತ್ತು ಲೆಕ್ಕವಿಟ್ಟ ಹಾಗೆ ಉಣ್ಣುತ್ತಿದ್ದರು. ಶಾಲೆಯಲ್ಲಿ ನನ್ನನ್ನು ‘ಮೈಸೂರಿನವಳು’ ಎನ್ನುತ್ತಿದ್ದರು, ನಾನು ಮೈಸೂರು ನೋಡಿಯೇ ಇರದಿದ್ದರೂ. ಹಾಸನದ ನೆಂಟರ ಮದುವೆಗೆ ಹೋದರೆ ಅಲ್ಲಿನವರು ‘ಕೊಡಗಿನ ಹುಡುಗಿ ಬಂತು, ಹಂದಿ ಸಾರು ಮಾಡಿ’ ಎಂದು ನಗುತ್ತಿದ್ದರು. ಆಗ ಕೊಡಗು ತನ್ನಷ್ಟಕ್ಕೆ ಒಂದು ಚಿಕ್ಕ ರಾಜ್ಯ, ಹಾಸನ ಮೈಸೂರು ರಾಜ್ಯದ್ದು. ಅದು ಮೈಸೂರಿಗೆ ಸೇರಬೇಕೋ ಬೇಡವೋ ಎಂಬ ಮಾತು ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲೆಂದರಲ್ಲಿ ನಡೆಯುತ್ತಿತ್ತು. ಅಂಥ ಮಾತು ಎದ್ದ ಕೂಡಲೆ ಅಪ್ಪ ಕಿಟಕಿಯ ಹೊರಗೆ ನೋಡಲು ತೊಡಗುತ್ತಿದ್ದರು. ಎಸ್ಟೇಟಿನ ಹಾಜರಿ ಪುಸ್ತಕಕ್ಕೆ ಚೆಕ್‌ರೋಲ್ ಎನ್ನುತ್ತಾರೆ. ಅದರ ಮೊದಲ ಪುಟದಲ್ಲಿ ಸಿಬ್ಬಂದಿಯ ಹೆಸರು, ಹೆಸರಿನ ಮುಂದೆ ಸ್ವಂತ ಊರು ಬರೆಯಲು ಗೆರೆ ಹಾಕಿದ ಒಂದು ಚೌಕದ ಮನೆ. ಅಪ್ಪ ಎಲ್ಲರ ಊರನ್ನೂ ತುಂಬಿ ತಮ್ಮದನ್ನು ಮಾತ್ರ ಖಾಲಿ ಬಿಟ್ಟಿದ್ದರು. ಆಮೇಲೆ ತುಂಬಿದರಾಯಿತು ಎಂದು ಸೀಸದಕಡ್ಡಿಯಲ್ಲಿ ಒಂದು ಚುಕ್ಕೆ ಇಟ್ಟಿದ್ದರಂತೆ. ಅವರಿಗೆ ಆ ಪುಸ್ತಕದಲ್ಲಿ ಹೊಡೆದುಹಾಕಿ ಬರೆಯುವುದೆಂದರೆ ಆಗದು. ತಿದ್ದಿದ ಕಡೆಯೆಲ್ಲ ದೊರೆ ನೋಡಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕೆಂಬುದು ನಿಯಮ. ತಮ್ಮ ಪುಸ್ತಕದಲ್ಲಿ ಅಂಥ ಒಂದು ಸಹಿಯೂ ಇಲ್ಲವೆಂದು ಅಪ್ಪ ಹೇಳಿಕೊಳ್ಳುತ್ತಿದ್ದರು. ಅವರು ತಮ್ಮ ಬಗ್ಗೆ ಹೇಳಿಕೊಂಡ ಒಂದೇ ಒಂದು ಹೆಮ್ಮೆಯ ಮಾತು ಅದು.

ತೊರೆಯ ಆಚೆಯ ಎಸ್ಟೇಟಿನ ದೊರೆ ಇಂಗ್ಲೆಂಡಿನವರು. ಅವರನ್ನು ನಿಜವಾಗಿ ಇಂಗ್ಲಿಷ್ ದೊರೆ ಎನ್ನಬಹುದಾಗಿತ್ತು, ಆದರೆ ನಾಲಿಗೆಗೆ ಅಭ್ಯಾಸವಾಗಬಾರದೆಂದು ನಾವು ಅವರನ್ನೂ ಹಾಗೆ ಕರೆಯುತ್ತಿರಲಿಲ್ಲ. ಇಬ್ಬರು ದೊರೆಗಳೂ ಶನಿವಾರ ಶನಿವಾರ ಒಟ್ಟಿಗೆ ಕೂತು ಕುಡಿಯುತ್ತಿದ್ದರು, ಒಬ್ಬರ ಮೇಲೊಬ್ಬರು ದೂರು ಹೇಳುತ್ತಿದ್ದರು. ಸ್ಕಾಟ್ಲೆಂಡಿನವರ ಕೈ ಬಿಗಿ, ಕುದುರೆ ತಿನ್ನುವ ಧಾನ್ಯ ಬೇಯಿಸಿಕೊಂಡು ತಿನ್ನುತ್ತಾರೆ, ಸೂರ್ಯ ಮೂಡಿದ್ದಕ್ಕೂ ವಾದ ಹೂಡುತ್ತಾರೆ ಎಂದು ಪಕ್ಕದ ದೊರೆ. ಇಂಗ್ಲೆಂಡಿನವರು ನಿಮ್ಮ ಕಾಲು ತುಳಿದು ಕ್ಷಮಿಸಿ ಎನ್ನುತ್ತಾರೆ, ಆದರೆ ಕಾಲು ತೆಗೆಯುವುದಿಲ್ಲ ಎಂದು ನಮ್ಮ ದೊರೆ. ಇವನ್ನೆಲ್ಲ ಚಾತು ನಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ವರದಿ ಮಾಡುತ್ತಿದ್ದ. ನಮ್ಮ ದೊರೆ ಬೆಳಿಗ್ಗೆ ಕುಡಿಯುವ ಗಂಜಿಗೆ ಸಕ್ಕರೆ ಹಾಕದೆ ಉಪ್ಪು ಹಾಕಿಕೊಳ್ಳುತ್ತಾರೆ, ಪಾರ್ಸೆಲ್ಲಿಗೆ ಕಟ್ಟಿ ಬಂದ ದಾರವನ್ನು ಬಿಚ್ಚಿ ಸುತ್ತಿ ಡಬ್ಬದಲ್ಲಿಡುತ್ತಾರೆ ಎಂದು ಅವನು ಹೇಳಿದಾಗ ಅಜ್ಜಿ ತಲೆದೂಗಿದಳು. ಅವಳೂ ದಾರ ಸುತ್ತಿಡುವವಳೇ.

“ನಮ್ ಆಸನದ ಕಡೇರೇ ಇರ್ಬೇಕು ಬುಡು,” ಎಂದಳು.

ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಇಬ್ಬರಿಗೂ ಬೇರೆ ಹೆಸರುಗಳಿದ್ದುವು. ಪಕ್ಕದವರು ‘ಗಡಿಯಾರ ದೊರೆ’, ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಿದ್ದುದರಿಂದ. ನಮ್ಮವರು ‘ಕಾಚು ದೊರೆ’. ಎಲೆ ಅಡಿಕೆಯ ಜೊತೆ ಹಾಕಿಕೊಳ್ಳುವ, ಬಾಯಿ ಕೆಂಪಾಗಿಸುವ ಆ ಕಂದು ಗಟ್ಟಿಯ ಬಣ್ಣವೇ ದೊರೆಯ ತಲೆಗೂದಲಿಗೆ, ಮೀಸೆಗೆ. ಹೆಸರು ಬಂದದ್ದು ಅದರಿಂದಲೇ ಎಂದು ನಾನು ತಿಳಿದಿದ್ದೆ. ಕಾಫಿ ಹಣ್ಣು ಬಿಡಿಸುವ ಚೌಡಮ್ಮ ಒಂದು ದಿನ ಇನ್ನೊಂದು ಅರ್ಥ ಹೇಳಿದಳು.

“ಕೂದ್ಲಿಗಲ್ಲ ಮಗಾ. ಕಾಚು ಬಟ್ಟೆಗೆ ಇಡದ್ರೆ ಬುಡ್ತದಾ? ಇವನ್ ಕೈಯೂ ಅಂಗೇ. ಇಡದದ್ದು ಬುಡಕಿಲ್ಲ.”

ನಾನು ಇದನ್ನು ಅವ್ವನಿಗೆ ಹೇಳಿದೆ, ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಆ ದಿನ ನಕ್ಕುಬಿಟ್ಟಿದ್ದರು. ಆದರೆ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಬಂದವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತರು. ದೊರೆ ಆ ಬೆಳಿಗ್ಗೆ ಬಹಳ ಸಂತೋಷದಲ್ಲಿದ್ದರಂತೆ. ಇಡೀ ಕೊಡಗಿನಲ್ಲಿ ತಮ್ಮನ್ನು ಸರಿಯಾಗಿ ಗುರುತಿಸಿದವರು ತಮ್ಮ ಆಳುಗಳು ಮಾತ್ರ, ಕ್ಲಬ್ಬಿನಲ್ಲಿ ಓದಿದವರೂ ತಮ್ಮನ್ನು ಇಂಗ್ಲಿಷ್ ಎನ್ನುವಾಗ ಈ ಬಡವರು ‘ಸ್ಕಾಚ್ ದೊರೆ’, ಅಂದರೆ ಸ್ಕಾಟ್ಲೆಂಡಿನ ದೊರೆ, ಎನ್ನುತ್ತಾರೆ, ‘ಸ’ಕಾರ ಮಾತ್ರ ಅವರ ನಾಲಿಗೆಗೆ ಬರುವುದಿಲ್ಲ ಎಂದು ಹೇಳಿದರಂತೆ. ತಾಯಿಗೆ ಹಾಗೆಂದು ಕಾಗದ ಬರೆಸಿದರಂತೆ. ಅಪ್ಪ ತಮ್ಮ ಕೈಯಾರೆ ಅದನ್ನು ಬರೆದು ಲಕೋಟೆಗೆ ಹಾಕಿ ಬಂದಿದ್ದರು.

“ನೀವು ಬಾಯ್ಬಿಟ್ಟಿಲ್ಲ ತಾನೆ?” ಎಂದು ಅವ್ವ ಕೇಳಿದಳು.

“ಏನಂತ ಬಿಡ್ಲಿ?”

ಅವತ್ತಿನಿಂದ ನಮ್ಮ ಮನೆಯಲ್ಲಿ ಬಚ್ಚಿಡಬೇಕಾದ ಮಾತುಗಳು ಎರಡಾದುವು. ಒಂದನ್ನು ನಾವು ಆಡಬಾರದು, ಇನ್ನೊಂದರ ಅರ್ಥ ದೊರೆಗೆ ತಿಳಿಯಬಾರದು. ಕಣದಲ್ಲಿ ಕಾಫಿ ಹರಡುವ ಹೆಂಗಸರು ಆ ಹೆಸರು ಹೇಳಿ ನಗುವಾಗ ನಾನು ಬಂಗಲೆಯ ವರಾಂಡದ ಕಡೆ ನೋಡುತ್ತಿದ್ದೆ. ನಿಜವಾಗಿ ಹೆಸರು ಹುಟ್ಟಿದ್ದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲು ಯಾರೋ ಸ್ಕಾಚ್ ಎಂದು, ಲೈನಿನವರು ಅದನ್ನು ತಮಗೆ ತಿಳಿದ ಮಾತಿಗೆ ತಿರುಗಿಸಿಕೊಂಡು, ಆಮೇಲೆ ಕೂದಲನ್ನೂ ಕೈಯನ್ನೂ ಸೇರಿಸಿರಬಹುದು. ಹಾಗಿದ್ದರೆ ದೊರೆ ತಿಳಿದದ್ದೂ ತಪ್ಪಲ್ಲ. ಆದರೆ ಆ ವಯಸ್ಸಿನಲ್ಲಿ ನನಗೆ ಒಂದು ಮಾತಿಗೆ ಒಂದೇ ಅರ್ಥ, ಉಳಿದದ್ದೆಲ್ಲ ಸುಳ್ಳು.

ದೊರೆಗೆ ಕ್ರಿಸ್ಮಸ್‌ಗಿಂತ ಹೊಸ ವರ್ಷ ದೊಡ್ಡದು. ಅವರ ಊರಿನಲ್ಲಿ ಹೊಸ ವರ್ಷದ ದಿನ ಮನೆಯ ಹೊಸಿಲನ್ನು ಮೊದಲು ದಾಟುವವನು ಕಪ್ಪು ಕೂದಲಿನ ಗಂಡಸಾಗಿರಬೇಕು, ಕೈಯಲ್ಲಿ ಒಂದು ಚೂರು ಇದ್ದಲು, ಉಪ್ಪು, ತಿನ್ನಲು ಏನಾದರೂ ಇರಬೇಕು. ಹಿಂದೆ ಸಮುದ್ರದಾಚೆಯಿಂದ ಬಂದು ಊರು ಸುಡುತ್ತಿದ್ದ ಜನ ಹೊಂಬಣ್ಣದ ಕೂದಲಿನವರಂತೆ. ಅದಕ್ಕೇ ಅಂಥವರು ಮೊದಲು ಬಂದರೆ ಆ ವರ್ಷ ಕೆಡುತ್ತದಂತೆ. ಎಸ್ಟೇಟಿನಲ್ಲಿ ಕಪ್ಪು ಕೂದಲಿಗೆ ಬರವಿರಲಿಲ್ಲ, ಆದರೆ ದೊರೆ ಆರಿಸಿಕೊಂಡದ್ದು ಅಪ್ಪನನ್ನು. ವರ್ಷವೂ ಆ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಕೋಟು ಹಾಕಿ, ಬುಟ್ಟಿ ಹಿಡಿದು ದಿಣ್ಣೆ ಹತ್ತುತ್ತಿದ್ದರು. ನಾನು ಹೇಳುತ್ತಿರುವ ವರ್ಷ ನನ್ನನ್ನೂ ಕರೆದುಕೊಂಡು ಹೋದರು. ಬುಟ್ಟಿಯನ್ನು ಮೆಟ್ಟಿಲವರೆಗೆ ಹೊರುವುದು ನಾನು, ಅಲ್ಲಿಂದ ಅವರು.

ಬುಟ್ಟಿ ತುಂಬಿದವಳು ಅಜ್ಜಿ. ಇದ್ದಲು ಹಿಡಿದು ಇನ್ನೊಬ್ಬರ ಹೊಸಿಲು ದಾಟುವುದು ಅವಳಿಗೆ ಒಂದಿಷ್ಟೂ ಸೇರುತ್ತಿರಲಿಲ್ಲ.

“ಮಾಟ ಮಾಡೋರಂಗೆ ಓಗ್ತಾನೆ ನೋಡು. ಬರೀ ಇದ್ಲು ತಕ್ಕಂಡು ಓದ್ರೆ ಅವರವ್ವ ಏನಂದ್ಕತಾಳೆ?”

“ಅವರವ್ವ ಇಲ್ಲಿಲ್ಲ ಅತ್ತೆಮ್ಮ.”

“ಎಲ್ಲಿದ್ರೂ ಅವ್ವ ಅವ್ವನೇ.”

ಅವಳು ಇದ್ದಲನ್ನು ಬಾಳೆಲೆಯಲ್ಲಿ ಸುತ್ತಿ ಅಡಿಗೆ ಇಟ್ಟಳು. ಅದರ ಮೇಲೆ ಉಪ್ಪಿನ ಪೊಟ್ಟಣ, ಅವ್ವ ಮಾಡಿದ ಕಜ್ಜಾಯ. ಎಲ್ಲಕ್ಕೂ ಮೇಲೆ, ಇದ್ದಲಿನ ದೋಷ ಹೋಗಲೆಂದು, ಒಂದು ಕವಳಿಗೆ ವೀಳ್ಯದೆಲೆ, ಅಡಿಕೆ. ಕವಳಿಗೆಯ ನಡುವೆ ಇನ್ನೊಂದು ಚಿಕ್ಕ ಪೊಟ್ಟಣವಿದ್ದುದನ್ನು ಅಪ್ಪ ನೋಡಲಿಲ್ಲ, ನಾನೂ ನೋಡಲಿಲ್ಲ.

ಬಂಗಲೆಯ ಮೆಟ್ಟಿಲ ಬಳಿ ಪಕ್ಕದ ದೊರೆ ಆಗಲೇ ಬಂದು ನಿಂತಿದ್ದರು. ಅವರ ಕೂದಲು ಹೊಂಬಣ್ಣ. ಒಳಗಿನಿಂದ ನಮ್ಮ ದೊರೆ ಅವರನ್ನು ಅಲ್ಲೇ ತಡೆದು ನಿಲ್ಲಿಸಿದ್ದರು. ಅವರು ಗಡಿಯಾರ ನೋಡಿ ಅಪ್ಪನಿಗೆ ಏನೋ ಅಂದರು. ಅವರಿಬ್ಬರ ಇಂಗ್ಲಿಷಿನಲ್ಲಿ ನನಗೆ ಆವತ್ತು ತಿಳಿದದ್ದು ಅರ್ಧ. ಉಳಿದದ್ದನ್ನು ಅಪ್ಪ ಅವ್ವನಿಗೆ ಹೇಳುವಾಗ ಕೇಳಿಸಿಕೊಂಡೆ. ಈ ಸ್ಕಾಟ್ಲೆಂಡಿನವನು ಒಬ್ಬ ಇಂಗ್ಲಿಷಿನವನನ್ನು ಹೊರಗೆ ನಿಲ್ಲಿಸಲು ಮುನ್ನೂರು ವರ್ಷ ಕಾದಿದ್ದಾನೆ, ನೀನು ಇನ್ನೆರಡು ನಿಮಿಷ ತಡ ಮಾಡಿದ್ದರೆ ಅವನಿಗೆ ಸಂತೋಷವಾಗುತ್ತಿತ್ತು ಎಂದರಂತೆ. ಅಪ್ಪ ಬಲಗಾಲಿಟ್ಟು ಹೊಸಿಲು ದಾಟಿದರು. ದೊರೆ ಕೈಕುಲುಕಿದರು. ಆಮೇಲೆ ಪಕ್ಕದ ದೊರೆ ಒಳಗೆ ಹೋದರು. ನಾನು ವರಾಂಡದ ಕಂಬ ಹಿಡಿದು ನಿಂತೆ. ಅಲ್ಲಿಂದ ನಮ್ಮ ಜಗಲಿ ಎಷ್ಟು ಚೆನ್ನಾಗಿ ಕಾಣುತ್ತದೆಂದು ನೋಡಿದೆ. ಅಜ್ಜಿ ಜಗಲಿಯ ಮೇಲೆ ಬಂದು ಕೂತಿದ್ದಳು.

ಮೇಜಿನ ಮೇಲೆ ದೊರೆ ಬುಟ್ಟಿಯಿಂದ ಒಂದೊಂದೇ ತೆಗೆದಿಟ್ಟರು. ವೀಳ್ಯದೆಲೆಯ ನಡುವಿನಿಂದ ಪೊಟ್ಟಣ ಜಾರಿತು. ಪಕ್ಕದ ದೊರೆ ಅದನ್ನು ಬಿಚ್ಚಿ, ಒಳಗಿದ್ದ ಕಂದು ಗಟ್ಟಿಯನ್ನು ಬೆಳಕಿಗೆ ಹಿಡಿದು, ಇದೇನೆಂದು ಅಪ್ಪನನ್ನು ಕೇಳಿದರು. ಅಪ್ಪ ಬಹಳ ಉದ್ದನೆಯ ಒಂದು ಇಂಗ್ಲಿಷ್ ಪದ ಹೇಳಿದರು. ಅದು ಯಾರಿಗೂ ತಿಳಿಯಲಿಲ್ಲ. ತಟ್ಟೆ ಹಿಡಿದು ನಿಂತಿದ್ದ ಚಾತು, ಉಪಕಾರ ಮಾಡುವವನ ಹಾಗೆ, ಮುಂದೆ ಬಂದ.

“ಅದು ಕಾಚು, ಸಾರ್.”

‘ಸ್ಕಾಚ್ ದೊರೆ’ಯ ಕತೆಯನ್ನು ಶನಿವಾರಗಳಲ್ಲಿ ಕೇಳಿ ಕೇಳಿ ಸಾಕಾಗಿದ್ದ ಪಕ್ಕದ ದೊರೆ ಗಟ್ಟಿಯನ್ನು ನೋಡಿದರು, ನಮ್ಮ ದೊರೆಯ ಮೀಸೆಯನ್ನು ನೋಡಿದರು, ಮೇಜು ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮ ದೊರೆ ನಗಲಿಲ್ಲ. ಅಪ್ಪನ ಕಡೆಗೂ ನೋಡಲಿಲ್ಲ. ವರಾಂಡದ ಕಡೆ ತಿರುಗಿ ನನಗೆ ಕೈಸನ್ನೆ ಮಾಡಿದರು.

“ಹುಡುಗಿ, ಒಳಗೆ ಬಾ. ಸುಳ್ಳು ಬೇಡ. ಕಾಚು ದೊರೆ ಯಾರು?”

“ನೀವು,” ಎಂದೆ.

“ಯಾಕೆ?”

ನಾನು ಅಪ್ಪನನ್ನು ನೋಡಿದೆ. ಅಪ್ಪ ಖಾಲಿ ಬುಟ್ಟಿಯೊಳಗೆ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲ ಹಿಂದಿನ ಮೂರು ಗೆರೆಗಳು ನನ್ನ ಕಣ್ಣ ಮುಂದೆ ಬಂದುವು. ನನ್ನ ಬಳಿ ಎರಡು ಉತ್ತರಗಳಿದ್ದುವು, ಒಂದನ್ನು ಮಾತ್ರ ಹೇಳಿದರೆ ಅದು ಸುಳ್ಳಾಗುವುದಿಲ್ಲ ಎಂದು ಜೀವನದಲ್ಲಿ ಮೊದಲ ಸಲ ನನಗೆ ಹೊಳೆಯಿತು.

“ನಿಮ್ಮ ಕೂದಲು ಆ ಬಣ್ಣ ಇದೆ. ಅದಕ್ಕೆ.”

ದೊರೆ ತಲೆಯ ಮೇಲೆ ಕೈಯಾಡಿಸಿಕೊಂಡರು. ಅವರಿಗೆ ಬೇಸರವಾದದ್ದು ಕಾಣುತ್ತಿತ್ತು, ಆದರೆ ಸಿಟ್ಟಿರಲಿಲ್ಲ. ಪಕ್ಕದ ದೊರೆ ಕಣ್ಣೊರೆಸಿಕೊಂಡು, ತಮಗೇನು ಹೆಸರು ಎಂದು ಕೇಳಿದರು. ಗಡಿಯಾರ ದೊರೆ ಎಂದೆ. ಅವರು ತಮಗರಿವಿಲ್ಲದೆಯೇ ಕೈ ಎತ್ತಿ ಗಡಿಯಾರ ನೋಡಿದರು. ಈಗ ನಗುವ ಸರದಿ ನಮ್ಮ ದೊರೆಯದಾಯಿತು. ಅಪ್ಪನ ಹೆಗಲು ಸ್ವಲ್ಪ ಇಳಿದದ್ದನ್ನು ನಾನು ಕಂಡೆ. ಎಲ್ಲ ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ದೊರೆಗೆ ನಾನು ಬುದ್ಧಿವಂತೆ ಎನ್ನಿಸಿರಬೇಕು.

“ಹೇಳು. ಅವನು ಬೇರೆ, ನಾನು ಬೇರೆ. ಏನು ಬೇರೆ? ಗೊತ್ತಾ?”

ಗೊತ್ತಿತ್ತು. ನನಗೆ ಗೊತ್ತಿದ್ದಷ್ಟು ಆ ಸಿದ್ದಾಪುರದಲ್ಲಿ ಇನ್ನಾವ ಮಗುವಿಗೂ ಗೊತ್ತಿರಲಿಲ್ಲ. ಎರಡು ದೇಶ, ಹಳೆಯ ಯುದ್ಧ, ಗಂಜಿ, ಉಪ್ಪು, ಎಲ್ಲ. ಆದರೆ ಸರಿಯಾಗಿ ಹೇಳಬೇಕೆಂದು ತವಕಪಟ್ಟ ನಾಲಿಗೆಗೆ ಎರಡು ವರ್ಷ ಕಟ್ಟಿಹಾಕಿದ್ದ ಮಾತೇ ಮುಂದಾಗಿ ಬಂತು.

“ಅವರು ಗಡಿಯಾರ ನೋಡುವ ಇಂಗ್ಲಿಷ್ ದೊರೆ. ನೀವು ಕೆಂಪು ಕೂದಲಿನ ಇಂಗ್ಲಿಷ್ ದೊರೆ.”

ಚಾತು ತಟ್ಟೆಯನ್ನು ಮೇಜಿನ ಮೇಲಿಟ್ಟ. ಪಕ್ಕದ ದೊರೆ ಕೂಡ ನಗಲಿಲ್ಲ. ದೊರೆಯ ಮುಖ ಕುತ್ತಿಗೆಯಿಂದ ಮೇಲಕ್ಕೆ ನಿಧಾನವಾಗಿ ಕೆಂಪಾಯಿತು. ಅವರು ಬಗ್ಗಿ ನನ್ನ ಮುಖದ ಹತ್ತಿರ ಮುಖ ತಂದರು.

“ನಿನ್ನ ಊರು ಯಾವುದು? ಮೈಸೂರಾ?”

“ಅಲ್ಲ,” ಎಂದೆ. ಶಾಲೆಯಲ್ಲಿ ಹೇಳಿ ಹೇಳಿ ರೂಢಿಯಾಗಿದ್ದ ಸಿಟ್ಟಿನಲ್ಲೇ ಹೇಳಿದೆ. “ಕೊಡಗು.”

ನನ್ನ ಮಾತಿನ ಜೊತೆಯಲ್ಲೇ, ಹಿಂದಿನಿಂದ, ಕೇಳದೆಯೇ ಅಪ್ಪ ಹೇಳಿದರು:

“ಹಾಸನ, ಸರ್.”

ದೊರೆ ನೆಟ್ಟಗೆ ನಿಂತು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ನಾನೂ ಅಪ್ಪನ ಕಡೆ ತಿರುಗಿದೆ. ಅವರ ಬಾಯಲ್ಲಿ ಆ ಉತ್ತರವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ದೊರೆ ಹೋಗಬಹುದು ಎಂದು ಕೈ ತೋರಿಸಿದರು. ದಿಣ್ಣೆ ಇಳಿಯುವಾಗ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ವಾರ ನಮ್ಮ ಮನೆಯಲ್ಲಿ ಮುದ್ದೆಗೂ ರೊಟ್ಟಿಗೂ ಜಗಳವಾಗಲಿಲ್ಲ. ಅಜ್ಜಿ ಕೇಳದೆ ಅಕ್ಕಿ ರೊಟ್ಟಿ ತಿಂದಳು. ಕಾಚಿನ ಪೊಟ್ಟಣದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಅವಳು ಎಲೆ ಹಾಕಿಕೊಳ್ಳುವುದನ್ನು ತಾನಾಗಿ ನಿಲ್ಲಿಸಿದಳು. ಹಿತ್ತಾಳೆಯ ಪಾತ್ರೆಗಳು ಅಟ್ಟದಿಂದ ಇಳಿದು ಹಳೆಯ ಸೀರೆಯಲ್ಲಿ ಗಂಟಾದುವು. ತೊಳೆಯಲು ಇಳಿಸಿದೆ ಎಂದಳು ಅವ್ವ. ಅಪ್ಪ ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋದರು, ಬಂದರು. ದೊರೆ ಏನಂದರು ಎಂದು ಕೇಳಿದರೆ, ಕಾಫಿ ತೂಕದ ವಿಷಯ ಮಾತಾಡಿದರು ಎನ್ನುತ್ತಿದ್ದರು. ಚಾತು ಒಂದು ಸಲ ಮಾತ್ರ ಬಂದ. ದೊರೆ ಕಾಚಿನ ಗಟ್ಟಿಯನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡಿದರಂತೆ.

“ಆಮೇಲೆ ಬಾಯೆಲ್ಲ ಒಗರು, ಅರ್ಧ ಗಂಟೆ ಯಾರ ಹತ್ರಾನೂ ಮಾತಿಲ್ಲ,” ಎಂದ. ಯಾರೂ ನಗಲಿಲ್ಲ.

ನಾನು ಆ ದಿನಗಳಲ್ಲಿ ಶಾಲೆಯಿಂದ ಬರುತ್ತಾ ತಿರುವಿನಲ್ಲಿ ನಿಂತು ಮೊದಲು ನಮ್ಮ ಮನೆಯ ಬಾಗಿಲು ತೆರೆದಿದೆಯೇ ನೋಡಿ ಆಮೇಲೆ ಮುಂದಕ್ಕೆ ನಡೆಯುತ್ತಿದ್ದೆ. ಶನಿವಾರ ಬೆಳಿಗ್ಗೆ ಚಾತು ಮಡಚಿದ ಒಂದು ಚೀಟಿ ತಂದ. ಅಪ್ಪ ಲೈನುಗಳ ಕಡೆ ಹೋಗಿದ್ದರು. ರೈಟರ ಕೈಯಲ್ಲೇ ಕೊಡಬೇಕೆಂದು ದೊರೆ ಹೇಳಿದ್ದಾರೆ ಎಂದ, ಆದರೂ ಅವ್ವನ ಮುಖ ನೋಡಿ ಅವಳ ಕೈಗೇ ಕೊಟ್ಟು ಹೋದ. ಅವ್ವನಿಗೆ ಇಂಗ್ಲಿಷ್ ಬಾರದು. ನನ್ನ ಮುಂದೆ ಹಿಡಿದಳು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ‘ಖಾಲಿ’ ಎಂಬ ಅರ್ಥದ ಪದವೊಂದು ತಿಳಿಯಿತು. ಮನೆ ಖಾಲಿ ಮಾಡಲು ಬರೆದಿದ್ದಾರೆ ಎಂದೆ. ಅವ್ವ ಒಲೆಯ ಮುಂದೆ ಕೂತುಬಿಟ್ಟಳು. ಅಜ್ಜಿ ಪಾತ್ರೆಯ ಗಂಟಿನ ಮೇಲೆ ಕೈಯಿಟ್ಟು, ಯಾರಿಗೂ ಅಲ್ಲದ ಹಾಗೆ, ಅಂದಳು:

“ಅವಳ ಕಾಲೇ ಇಡ್ಕತೀನಿ ಬುಡು. ಒಂದ್ ಮೂಲೆ ಕೊಟ್ಟಾಳು.”

ದೊಡ್ಡಮ್ಮನ ಕಾಲು. ಅಜ್ಜಿಯ ಬಾಯಿಂದ ಅಂಥ ಮಾತು ಬಂದದ್ದು ನನ್ನಿಂದ ಎಂದು ನನಗೆ ಗೊತ್ತಿತ್ತು. ಅಪ್ಪ ಬರುವವರೆಗೆ ನಾವು ಮೂವರೂ ಹಾಗೆಯೇ ಇದ್ದೆವು. ಅಪ್ಪ ಬಂದು, ಚೀಟಿ ಓದಿ, ಇನ್ನೊಮ್ಮೆ ಓದಿದರು.

“ಚೆಕ್‌ರೋಲಲ್ಲಿ ನನ್ನ ಹೆಸರಿನ ಮುಂದೆ ಊರಿನ ಜಾಗ ಖಾಲಿ ಇದೆಯಂತೆ. ತುಂಬು ಅಂದಿದಾರೆ.”

“ಅಷ್ಟೇನಾ?” ಎಂದಳು ಅವ್ವ.

“ಅಷ್ಟೆ.”

ಅವ್ವ ಅತ್ತಳು. ಅಜ್ಜಿ ಹಿತ್ತಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಬಂದಳು. ಆ ಮಧ್ಯಾಹ್ನದ ಊಟಕ್ಕೆ ಮುದ್ದೆಯೂ ರೊಟ್ಟಿಯೂ ಆದುವು, ಜಗಳವೂ ಆಯಿತು.

“ತುಂಬೋದೇನೈತೆ, ಆಸನ ಅಂತ ಬರಿ,” ಎಂದಳು ಅಜ್ಜಿ.

“ಹುಟ್ಟಿದ್ದಲ್ಲ, ಉಣ್ಣೋ ಊರು ಬರೀಬೇಕು,” ಎಂದಳು ಅವ್ವ.

ಅಪ್ಪ ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಉಂಡೆ. ಸೋಮವಾರ ಅವರು ಆಫೀಸಿನಿಂದ ಬಂದಾಗ ಏನಂತ ಬರೆದಿರಿ ಎಂದು ಅವ್ವ ಕೇಳಿದಳು. “ಬರೆದೆ,” ಎಂದರು. ಏನಂತ ಎಂದು ಮತ್ತೆ ಕೇಳಿದ್ದಕ್ಕೆ, “ಬರೆದೆ ಅಂದ್ನಲ್ಲ,” ಎಂದರು. ಅಜ್ಜಿ ತನ್ನ ಊರೇ ಎಂದು ತಿಳಿದಳು, ಅವ್ವ ತನ್ನದೇ ಎಂದು ತಿಳಿದಳು. ಇಬ್ಬರೂ ಕೊನೆಯವರೆಗೂ ಹಾಗೆಯೇ ತಿಳಿದಿದ್ದರು.

ಮಾರನೆಯ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಎಸ್ಟೇಟ್ ಕೈಬದಲಾಯಿತು, ದೊರೆ ತಮ್ಮ ಊರಿಗೆ ಹೊರಟುಹೋದರು. ಹೋಗುವಾಗ ಲೈನಿನವರು ಸಾಲಾಗಿ ನಿಂತು ‘ಕಾಚು ದೊರೆ’ ಎಂದು ಕೂಗಿದರು. ಅವರು ಟೋಪಿ ತೆಗೆದು, ತಲೆಗೂದಲನ್ನು ತೋರಿಸಿದರು. ಅಪ್ಪನ ಕೆಲಸ ಉಳಿಯಿತು. ಹೊಸಬರು ಹೊಸ ಪುಸ್ತಕ ತಂದರು. ಹಳೆಯ ಚೆಕ್‌ರೋಲಿನ ದಪ್ಪ ಹಾಳೆಗಳನ್ನು ಅಪ್ಪ ನನ್ನ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲೆಂದು ಮನೆಗೆ ತಂದರು. ಒಂದೊಂದೇ ಹಾಳೆ ಬಿಡಿಸಿ ನಾನೇ ಮಡಚುತ್ತಿದ್ದೆ. ಅಪ್ಪ ಹೇಳಿದ್ದ ಹಾಗೆ ಎಲ್ಲೂ ಒಂದು ತಿದ್ದುಪಡಿಯಿರಲಿಲ್ಲ. ಕೊನೆಗೆ ಉಳಿದದ್ದು ಮೊದಲ ಪುಟ. ಅಪ್ಪನ ಹೆಸರಿನ ಮುಂದೆ, ಆ ಚಿಕ್ಕ ಮನೆಯೊಳಗೆ, ಅವರ ದುಂಡಗಿನ ಅಕ್ಷರದಲ್ಲಿ ‘ಹಾಸನ’ ಎಂದಿತ್ತು. ರೂಲುಕೋಲು ಇಟ್ಟು ಅದನ್ನು ಹೊಡೆದುಹಾಕಿತ್ತು. ಕೆಳಗೆ ಬೇರೆ ದಿನದ ಶಾಯಿಯಲ್ಲಿ ‘ಕೊಡಗು’, ಅದನ್ನೂ ಹೊಡೆದಿತ್ತು. ಅದರ ಕೆಳಗೆ, ಜಾಗ ಸಾಲದೆ ಸಣ್ಣದಾಗಿ, ಮತ್ತೆ ‘ಹಾಸನ’. ಅದರ ಮೇಲೂ ಗೆರೆ. ಆಮೇಲೆ ಏನೂ ಬರೆದಿರಲಿಲ್ಲ. ಗೆರೆಗಳು ಮೂರು, ಮೂರರ ಪಕ್ಕದಲ್ಲೂ ದೊರೆಯ ಚಿಕ್ಕ ಸಹಿ ಇತ್ತು.